ದಿನಕ್ಕೆ ನಲವತ್ತು ಕಿ.ಮೀ. ನಡೆಯಿರಿ ಎಂದು ಮಲ್ಲಯ್ಯ ಹೇಳಿಲ್ಲ

ಈ ವರ್ಷ ಯುಗಾದಿ ಮಾರ್ಚ್ 19ಕ್ಕೇ ಬಂತು. ಶ್ರೀಶೈಲಕ್ಕೆ ನಡೆದು ಹೋದ ನಮಗೆ ಅದೇ ದೊಡ್ಡ ಪುಣ್ಯವಾಯಿತು. ಬೆಳಗಿನ ಜಾವದಲ್ಲಿ ಗಾಳಿ ತಂಪಾಗಿತ್ತು, ಬಿಸಿಲು ಏರುವ ಹೊತ್ತಿಗೆ ನಾವು ಯಾವುದಾದರೂ ಊರಿನ ಗುಡಿಯ ಕಟ್ಟೆ ಸೇರಿರುತ್ತಿದ್ದೆವು. ನಮ್ಮ ಕಂಬಿಯ ಜೊತೆ ಹೋದ ಒಬ್ಬರೂ ಆಸ್ಪತ್ರೆ ಸೇರಲಿಲ್ಲ. ಊರಿಗೆ ಬಂದ ಮೇಲೆ ಎಲ್ಲರ ಬಾಯಲ್ಲೂ ಒಂದೇ ಮಾತು: 'ಈ ಸಲ ಮಲ್ಲಯ್ಯ ಚಲೋ ನಡಿಸಿಕೊಂಡ.'

ಮುಂದಿನ ಯುಗಾದಿ ಯಾವಾಗ ಎಂದು ಪಂಚಾಂಗ ನೋಡಿದಾಗ ಆ ಖುಷಿ ಅರ್ಧ ಇಳಿಯಿತು. 2027ರ ಯುಗಾದಿ ಏಪ್ರಿಲ್ 7ಕ್ಕಿದೆ. ಈ ವರ್ಷ ಅಧಿಕ ಜ್ಯೇಷ್ಠ ಮಾಸ ಇರುವುದರಿಂದ ಹಬ್ಬ ಹತ್ತೊಂಬತ್ತು ದಿನ ಹಿಂದಕ್ಕೆ ಹೋಗಿದೆ. ಅಂದರೆ ಇದೇ ದಾರಿ, ಇದೇ ಜನ, ಆದರೆ ಬಿಸಿಲು ಮಾತ್ರ ಬೇರೆ. 2024ರಲ್ಲೂ ಹೀಗೇ ಆಗಿತ್ತು. ಆಗ ಯುಗಾದಿ ಏಪ್ರಿಲ್ 9ಕ್ಕೆ ಬಂದಿತ್ತು. ಆ ವರ್ಷದ ನಡಿಗೆಯನ್ನು ನಾನು ಮರೆಯುವ ಹಾಗಿಲ್ಲ.

ನಮ್ಮೂರು ಇಳಕಲ್ ಸೀಮೆಯದು. ಮುದಗಲ್, ಲಿಂಗಸುಗೂರು, ರಾಯಚೂರು ದಾಟಿ, ತೆಲಂಗಾಣದ ಐಜ ಕಡೆಯಿಂದ ಕರ್ನೂಲು, ಅಲ್ಲಿಂದ ಆತ್ಮಕೂರು, ವೆಂಕಟಾಪುರಂ, ಆಮೇಲೆ ನಲ್ಲಮಲ ಕಾಡು. ನಮ್ಮ ಲೆಕ್ಕದಲ್ಲಿ ಒಟ್ಟು ಸುಮಾರು 350 ಕಿ.ಮೀ. 2024ರಲ್ಲಿ ನಾವು ಮಾರ್ಚ್ 31ಕ್ಕೆ ಹೊರಟು ಏಪ್ರಿಲ್ 8ಕ್ಕೆ ಮುಟ್ಟುವುದೆಂದು ನಿರ್ಧರಿಸಿದೆವು. ಒಂಬತ್ತು ದಿನ, ದಿನಕ್ಕೆ ಮೂವತ್ತೊಂಬತ್ತು ಕಿ.ಮೀ. ಈ ಲೆಕ್ಕ ಎಲ್ಲಿಂದ ಬಂತು? ಕಾಲಿನ ಶಕ್ತಿಯಿಂದಲ್ಲ, ನಮಗೆ ಸಿಕ್ಕ ರಜೆಯಿಂದ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ನಾಲ್ಕೈದು ಹುಡುಗರಿಗೆ ಅಷ್ಟೇ ರಜೆ ಸಿಕ್ಕಿತ್ತು. ಉಳಿದವರೂ 'ಆಗ್ತದ ಬಿಡು' ಅಂದರು.

ಐದನೆಯ ದಿನ, ರಾಯಚೂರು ದಾಟಿ ಐಜದ ದಾರಿಯಲ್ಲಿದ್ದಾಗ ಹನ್ನೊಂದೂವರೆ ಗಂಟೆಗೆ ನನ್ನ ಗೆಳೆಯನ ತಮ್ಮ ತಡವರಿಸಿ ಮಾತನಾಡತೊಡಗಿದ. ಬೆವರು ನಿಂತಿತ್ತು, ಮೈ ಕಾದ ಹೆಂಚಿನಂತಿತ್ತು. ಒಂದು ಮರದ ನೆರಳೂ ಇಲ್ಲದ ಜಾಗ. ನಮ್ಮ ಸಾಮಾನಿನ ಟೆಂಪೊ ಅಡುಗೆ ಮಾಡಲೆಂದು ಇಪ್ಪತ್ತು ಕಿ.ಮೀ. ಮುಂದಿನ ಊರಿಗೆ ಹೋಗಿಬಿಟ್ಟಿತ್ತು. ನೀರಿನ ಕ್ಯಾನು, ಔಷಧಿ ಡಬ್ಬಿ ಎಲ್ಲವೂ ಅದರಲ್ಲೇ. ಹತ್ತಿ ಚೀಲ ಹೇರಿಕೊಂಡು ಬಂದ ಯಾರೋ ಪುಣ್ಯಾತ್ಮರು ಅವನನ್ನು ತಮ್ಮ ಗಾಡಿಯಲ್ಲಿ ಹಾಕಿಕೊಂಡು ಆಸ್ಪತ್ರೆ ಮುಟ್ಟಿಸಿದರು. ಎರಡು ದಿನ ಸಲೈನ್ ಹಾಕಿದ ಮೇಲೆ ಎದ್ದು ಕುಳಿತ. ಇನ್ನೊಂದು ತಾಸು ತಡವಾಗಿದ್ದರೆ ಏನಾಗುತ್ತಿತ್ತು ಎಂದು ಅವನ ತಾಯಿಯ ಮುಂದೆ ಇವತ್ತಿಗೂ ನಾವು ಮಾತನಾಡುವುದಿಲ್ಲ.

ಆಮೇಲೆ ನಾನು ಕುಳಿತು ಒಂದು ಸರಳ ಲೆಕ್ಕ ಹಾಕಿದೆ. ಊಟ, ನೀರು, ಕಾಲು ಚಾಚಿ ಕೂರುವುದು ಎಲ್ಲ ಸೇರಿದರೆ ಒಂದು ಗುಂಪು ತಾಸಿಗೆ ಸುಮಾರು ಮೂರೂವರೆ ಕಿ.ಮೀ. ಸಾಗುತ್ತದೆ. ಮಾರ್ಚ್ ನಡುವಿನಲ್ಲಿ ನಸುಕಿನ ಮೂರೂವರೆಯಿಂದ ಒಂಬತ್ತೂವರೆವರೆಗೆ ಆರು ತಾಸು, ಸಂಜೆ ಐದರಿಂದ ಎಂಟರವರೆಗೆ ಮೂರು ತಾಸು, ಒಟ್ಟು ಒಂಬತ್ತು ತಾಸು ಬಿಸಿಲಿನ ಹೊಡೆತವಿಲ್ಲದೆ ನಡೆಯಬಹುದು. ಅಂದರೆ ಮೂವತ್ತೊಂದು ಕಿ.ಮೀ. ಏಪ್ರಿಲ್ ಮೊದಲ ವಾರದಲ್ಲಿ ರಾಯಚೂರು ಸೀಮೆಯ ಬಿಸಿಲು 40 ಡಿಗ್ರಿಯ ಆಸುಪಾಸಿಗೆ ಹೋಗುವುದು ಹೊಸದಲ್ಲ. ಆಗ ಒಂಬತ್ತಕ್ಕೇ ನಿಲ್ಲಬೇಕು, ಸಂಜೆ ಐದೂವರೆಗೆ ಹೊರಡಬೇಕು. ಎಂಟೇ ತಾಸು, ಇಪ್ಪತ್ತೆಂಟು ಕಿ.ಮೀ. ನಾವು ಮೂವತ್ತೊಂಬತ್ತು ನಡೆಯಲು ಹೊರಟಿದ್ದೆವು. ಉಳಿದ ಹನ್ನೊಂದು ಕಿ.ಮೀ. ಅಂದರೆ ಮೂರು ತಾಸು ಕಡುಬಿಸಿಲಿನಲ್ಲೇ ನಡೆಯಬೇಕಿತ್ತು. ಆ ಹುಡುಗ ಬಿದ್ದದ್ದು ಅವನ ದೌರ್ಬಲ್ಯದಿಂದಲ್ಲ, ನಮ್ಮ ವೇಳಾಪಟ್ಟಿಯಿಂದ.

ಬಿಸಿಲು ತಪ್ಪಿಸಲು ರಾತ್ರಿ ನಡೆದರಾಯಿತು ಎನ್ನುವವರಿದ್ದಾರೆ. ಇಲ್ಲಿ ಚಂದ್ರನ ಲೆಕ್ಕವೂ ಇದೆ. ಹೋಳಿ ಹುಣ್ಣಿಮೆ ಕಳೆದ ಮೇಲೆ ನಾವು ಹೊರಡುತ್ತೇವೆ, ಅಮಾವಾಸ್ಯೆ ಕಳೆದ ಮರುದಿನ ಯುಗಾದಿ. ಕೃಷ್ಣಪಕ್ಷದಲ್ಲಿ ಚಂದ್ರ ದಿನದಿನಕ್ಕೂ ತಡವಾಗಿ ಮೂಡುತ್ತಾನೆ. ಹಾಗಾಗಿ ನಡಿಗೆಯ ಬಹುಪಾಲು ದಿನಗಳಲ್ಲಿ ಮುಂಜಾನೆ ಮೂರು ಗಂಟೆಗೆ ಬೆಳದಿಂಗಳಿರುತ್ತದೆ, ರಾತ್ರಿ ಒಂಬತ್ತಕ್ಕೆ ಕಗ್ಗತ್ತಲು. ಮೇಲಾಗಿ ಆ ಹೊತ್ತಿಗೆ ಲಾರಿಗಳ ಓಡಾಟ ಜೋರು. ದಣಿದ ಮನುಷ್ಯ ರಸ್ತೆಯ ಅಂಚು ಬಿಟ್ಟು ಒಳಗೆ ಬಂದದ್ದು ಅವನಿಗೇ ತಿಳಿಯುವುದಿಲ್ಲ. ಆದ್ದರಿಂದ ರಾತ್ರಿ ಎಂಟಕ್ಕೆ ಮಲಗಿ ಮೂರಕ್ಕೆ ಏಳುವುದೇ ಸರಿ. ನಡೆಯುವಾಗ ಎದುರು ಬರುವ ಗಾಡಿ ಕಾಣುವಂತೆ ರಸ್ತೆಯ ಬಲಬದಿಯಲ್ಲೇ ಇರಬೇಕು. ಚೀಲಕ್ಕೆ ಬೆಳಕು ಬಿದ್ದರೆ ಹೊಳೆಯುವ ಪಟ್ಟಿ ಹಚ್ಚಿಕೊಂಡರೆ ಇನ್ನೂ ಒಳ್ಳೆಯದು.

ಈ ವರ್ಷ ನಾವು ಹೊಸ ಲೆಕ್ಕದಂತೆ ಹದಿಮೂರು ದಿನ ಇಟ್ಟುಕೊಂಡೆವು. ಮಾರ್ಚ್ 6ಕ್ಕೆ ಹೊರಟೆವು. ಮೊದಲ ಎರಡು ದಿನ ಇಪ್ಪತ್ತೈದು ಕಿ.ಮೀ. ಮಾತ್ರ. ಕಾಲಿಗೆ ಗುಳ್ಳೆ ಏಳುವುದು ಆ ಎರಡು ದಿನದ ಆತುರದಲ್ಲೇ ಎಂಬುದು ಹಳಬರ ಅನುಭವ. ಆಮೇಲೆ ಎಂಟು ದಿನ ಮೂವತ್ತೊಂದು ಮೂವತ್ತೆರಡು. ಆತ್ಮಕೂರಿನಲ್ಲಿ ಒಂದು ಪೂರ್ತಿ ದಿನ ವಿಶ್ರಾಂತಿ. ಕೊನೆಗೆ ಕಾಡಿಗೆ ಎರಡು ದಿನ.

ಕಾಡಿಗೆ ಮುಂಚೆ ವಿಶ್ರಾಂತಿ ಏಕೆ ಎಂಬುದು ಹೋದವರಿಗೆ ಗೊತ್ತು. ವೆಂಕಟಾಪುರಂನಿಂದ ನಾಗಲೂಟಿ, ಪೆಚ್ಚೆರುವು, ಭೀಮುನಿ ಕೊಲನು ದಾಟಿ ಕೈಲಾಸದ್ವಾರಕ್ಕೆ ನಲವತ್ತು ಕಿ.ಮೀ.ಗೂ ಹೆಚ್ಚು ಕಾಲುದಾರಿ. ಇದು ನಾಗಾರ್ಜುನಸಾಗರ-ಶ್ರೀಶೈಲ ಹುಲಿ ರಕ್ಷಿತಾರಣ್ಯ. ಹಬ್ಬದ ಕೆಲವೇ ದಿನ ಮಾತ್ರ ಈ ದಾರಿಯನ್ನು ಭಕ್ತರಿಗೆ ಬಿಡುತ್ತಾರೆ. ಸಾಮಾನಿನ ಟೆಂಪೊ ಇಲ್ಲಿ ಬರುವುದಿಲ್ಲ. ಅದು ದೋರ್ನಾಲ ಸುತ್ತಿಕೊಂಡು ಶ್ರೀಶೈಲಕ್ಕೆ ಹೋಗಬೇಕು, ಆ ರಸ್ತೆಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಮೊಬೈಲ್ ಸಿಗ್ನಲ್ ಸಿಗುವುದು ಕಷ್ಟ. ಭೀಮುನಿ ಕೊಲನಿನ ನಂತರ ಕೈಲಾಸದ್ವಾರದ ಏರು ಉಸಿರು ಕಟ್ಟಿಸುತ್ತದೆ. ಅಂದರೆ ದೇಹ ಹೆಚ್ಚು ಸೋತ ಹೊತ್ತಿನಲ್ಲೇ ದಾರಿ ಹೆಚ್ಚು ಕಠಿಣ, ಸಹಾಯ ಹೆಚ್ಚು ದೂರ. ಊರಿನಿಂದ ಓಡೋಡಿ ಬಂದು ಅದೇ ಸುಸ್ತಿನಲ್ಲಿ ಕಾಡಿಗೆ ಇಳಿಯುವುದು ಭಕ್ತಿಯಲ್ಲ, ಅವಸರ.

ಟೆಂಪೊ ವಿಷಯದಲ್ಲೂ ಪಾಠ ಕಲಿತೆವು. ಈಗ ನಮ್ಮಲ್ಲಿ ಎರಡು ಗಾಡಿ. ಟೆಂಪೊ ಅಡುಗೆ ಸಾಮಾನಿನೊಂದಿಗೆ ಮುಂದೆ ಹೋಗುತ್ತದೆ. ಇನ್ನೊಂದು ಬೈಕು, ನೀರು, ಓಆರ್‌ಎಸ್ ಪೊಟ್ಟಣ, ಬ್ಯಾಂಡೇಜು ಕಟ್ಟಿಕೊಂಡು ಎಲ್ಲರಿಗಿಂತ ಹಿಂದಿರುವವನ ಹಿಂದೆ ಬರುತ್ತದೆ. ಖರ್ಚು ದೊಡ್ಡದೇನಲ್ಲ. ತಂಗುವ ಊರುಗಳ ಹೆಸರನ್ನು ತೆಲುಗು ಲಿಪಿಯಲ್ಲೂ ಬರೆಸಿ ಎಲ್ಲರ ಜೇಬಿಗೆ ಹಾಕಿದ್ದೆವು. 108 ಆಂಬುಲೆನ್ಸ್ ಮೂರೂ ರಾಜ್ಯಗಳಲ್ಲಿದೆ, ಆದರೆ ಕರೆ ಮಾಡಿದವನಿಗೆ ತಾನು ಯಾವ ಊರಿನ ಹತ್ತಿರ ಇದ್ದೇನೆಂದು ಹೇಳಲು ಬರಬೇಕಲ್ಲ?

ಹದಿಮೂರು ದಿನ ರಜೆ ಯಾರಿಗೆ ಸಿಗುತ್ತದೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ದಿನದ ದೂರ ಹಿಗ್ಗಿಸುವುದಲ್ಲ, ನಡಿಗೆಯ ಒಟ್ಟು ದೂರ ಕುಗ್ಗಿಸುವುದು. ರಾಯಚೂರಿಗೆ ರೈಲಿದೆ, ಬಸ್ಸಿದೆ. ಅಲ್ಲಿಂದ ಕಂಬಿ ಕೂಡಿಕೊಂಡರೆ ಒಂಬತ್ತು ದಿನ ಸಾಕು. ಕರ್ನೂಲಿನಿಂದ ಕೂಡಿದರೆ ಐದಾರು ದಿನ. ಇದನ್ನು ಹೇಳಿದಾಗ ಗೆಳೆಯರು 'ಹರಕೆ ಅರ್ಧ ಆಗ್ತದ' ಎಂದು ತಕರಾರು ತೆಗೆದರು. ನಲವತ್ತು ವರ್ಷದಿಂದ ಕಂಬಿ ಹೊರುವ ನಮ್ಮೂರ ಅಜ್ಜನನ್ನೇ ಕೇಳಿದೆವು.

'ಅಜ್ಜಾ, ನಡುವ ಬಂದು ಕೂಡಿದ್ರ ಮಲ್ಲಯ್ಯ ಒಪ್ತಾನೇನ್ರಿ?'

ಅಜ್ಜ ನಕ್ಕರು. 'ಕಂಬಿ ಊರಿಂದ ನಡೀಬೇಕು, ಅದು ಖರೆ. ಮಂದಿ ಎಲ್ಲಿ ಕೂಡಿದ್ರೂ ಕಂಬಿ ಕೂಡಿದಂಗ. ಕಿಲೋಮೀಟರ್ ಎಣಿಸಾವ ನೀನು ತಮ್ಮಾ, ಮಲ್ಲಯ್ಯ ಅಲ್ಲ.'

ಇನ್ನು ಹಿಂದಿರುಗುವ ಮಾತು. ಹೋಗುವಾಗ ಹದಿಮೂರು ದಿನಕ್ಕೆ ಯೋಜನೆ ಮಾಡುವವರು ಬರುವ ಒಂದು ರಾತ್ರಿಗೆ ಏನೂ ಯೋಚಿಸುವುದಿಲ್ಲ. ಹಬ್ಬದ ಮರುದಿನ ಎಲ್ಲರೂ ಒಮ್ಮೆಲೇ ಊರಿಗೆ ಹೊರಡುತ್ತಾರೆ. ವಾಯವ್ಯ ಮತ್ತು ಕಲ್ಯಾಣ ಕರ್ನಾಟಕ ಸಾರಿಗೆ ನಿಗಮಗಳು ಹೆಚ್ಚುವರಿ ಬಸ್ಸು ಬಿಟ್ಟರೂ ನೂಕುನುಗ್ಗಲು ತಪ್ಪದು. ಬಾತ ಕಾಲಿನಲ್ಲಿ ರಾತ್ರಿಯಿಡೀ ನಿಂತು ಬರುವವರು ಒಂದೆಡೆ, ನಿದ್ದೆಗೆಟ್ಟ ಚಾಲಕನ ಸರಕು ಟೆಂಪೊದಲ್ಲಿ ಕುರಿಗಳಂತೆ ತುಂಬಿಕೊಂಡು ಬರುವವರು ಇನ್ನೊಂದೆಡೆ. ಸರಕು ಗಾಡಿಯಲ್ಲಿ ಜನ ಸಾಗಿಸುವುದು ಕಾನೂನಿಗೆ ವಿರುದ್ಧ ಎಂಬುದು ಎಲ್ಲರಿಗೂ ಗೊತ್ತು. ನಡೆದು ಗೆದ್ದವರು ಮಲಗಿದಲ್ಲೇ ಅಪಘಾತಕ್ಕೆ ಸಿಕ್ಕರೆ ಅದಕ್ಕಿಂತ ದುಃಖ ಯಾವುದು? ಗುಂಪಿಗೆ ಮೊದಲೇ ಒಂದು ಬಸ್ಸು ಗೊತ್ತು ಮಾಡುವುದು, ಇಲ್ಲವೇ ಒಂದು ದಿನ ಉಳಿದು ಬರುವುದು ಜಾಣತನ. ನಮ್ಮ ತಾಯಂದಿರು ಇನ್ನೊಂದು ವಿಷಯ ನೆನಪಿಡಬೇಕು. ಶಕ್ತಿ ಯೋಜನೆಯ ಉಚಿತ ಪ್ರಯಾಣ ರಾಜ್ಯದ ಒಳಗೆ ಮಾತ್ರ, ಶ್ರೀಶೈಲದ ಅಂತರರಾಜ್ಯ ಬಸ್ಸಿಗೆ ದುಡ್ಡು ಇಟ್ಟುಕೊಂಡೇ ಹೊರಡಬೇಕು.

ಇಷ್ಟೆಲ್ಲ ಯಾತ್ರಿಕರ ಜವಾಬ್ದಾರಿ. ಆಡಳಿತದ ಪಾಲೂ ಇದೆ. ಪಂಢರಪುರದ ವಾರಿಯನ್ನು ನೋಡಿ. ಆಳಂದಿಯಿಂದ ಪಂಢರಪುರಕ್ಕೆ ಸುಮಾರು 250 ಕಿ.ಮೀ. ಅದಕ್ಕೆ ಜ್ಞಾನೇಶ್ವರರ ಪಾಲಖಿ ಹೆಚ್ಚುಕಡಿಮೆ ಮೂರು ವಾರ ತೆಗೆದುಕೊಳ್ಳುತ್ತದೆ. ಯಾವ ದಿನ ಯಾವ ಊರಲ್ಲಿ ವಸ್ತಿ ಎಂಬ ಪಟ್ಟಿ ಮೊದಲೇ ಪ್ರಕಟವಾಗುತ್ತದೆ. ದಿವೆ ಘಾಟ್ ಹತ್ತುವ ದಿನ ದೊಡ್ಡದೆಂದು ಅದರ ನಂತರ ಸಾಮಾನ್ಯವಾಗಿ ಸಾಸ್ವಡದಲ್ಲಿ ತಂಗುತ್ತಾರೆ. ಪಟ್ಟಿ ಇರುವುದರಿಂದಲೇ ನೀರಿನ ಟ್ಯಾಂಕರು, ವೈದ್ಯರು, ಪೊಲೀಸರು ಎಲ್ಲಿ ನಿಲ್ಲಬೇಕೆಂದು ಆಡಳಿತಕ್ಕೆ ಗೊತ್ತಾಗುತ್ತದೆ. 2021ರ ನವೆಂಬರಿನಲ್ಲಿ ಶಂಕುಸ್ಥಾಪನೆಯಾದ ಪಾಲಖಿ ಹೆದ್ದಾರಿಗಳ ಯೋಜನೆಯಲ್ಲಿ ನಡೆಯುವವರಿಗೆಂದೇ ಪ್ರತ್ಯೇಕ ಹಾದಿ ಸೇರಿಸಿದ್ದಾರೆ.

ನಮ್ಮ ಶ್ರೀಶೈಲದ ನಡಿಗೆ ಹಾಗಲ್ಲ. ಒಂದೊಂದು ಊರಿನ ಕಂಬಿ ಒಂದೊಂದು ದಿನ ಹೊರಡುತ್ತದೆ, ಒಬ್ಬರ ಅಂಕೆಯಲ್ಲಿ ಇಲ್ಲ. ದಾರಿ ಮೂರು ರಾಜ್ಯ ದಾಟುತ್ತದೆ. ಅದರ ಸೊಗಸೂ ಅದೇ, ತೊಂದರೆಯೂ ಅದೇ. ದಾಸೋಹಕ್ಕೆ ಕೊರತೆಯಿಲ್ಲ. ರೊಟ್ಟಿ, ಮಜ್ಜಿಗೆ, ಕಾಲಿಗೆ ಎಣ್ಣೆ ತಿಕ್ಕುವ ಕೈಗಳು, ಎಲ್ಲ ಇವೆ. ಆದರೆ ಊರ ಹತ್ತಿರ ಸಾಲಾಗಿ ಐದು ಪೆಂಡಾಲು, ಮುಂದಿನ ಹನ್ನೆರಡು ಕಿ.ಮೀ.ಗೆ ಒಂದು ಕೊಡ ನೀರೂ ಇಲ್ಲ. ಕೊಡುವವರು ಹೆಚ್ಚಬೇಕಿಲ್ಲ, ಹರಡಿಕೊಳ್ಳಬೇಕು. ರಾಯಚೂರು ಜಿಲ್ಲಾಡಳಿತ ಹಬ್ಬಕ್ಕೆ ಒಂದು ತಿಂಗಳ ಮುಂಚೆ ದಾಸೋಹದವರನ್ನು ಕರೆದು, ಏಳೆಂಟು ಕಿ.ಮೀ.ಗೊಂದು ನೆರಳು-ನೀರಿನ ಜಾಗ ಹಂಚಿಕೊಟ್ಟರೆ ಸಾಕು. ಗಡಿಯಾಚೆಯ ಗದ್ವಾಲ, ಕರ್ನೂಲು, ನಂದ್ಯಾಲ ಜಿಲ್ಲೆಗಳೊಂದಿಗೂ ಒಂದು ಮಾತು ಆಡಿಟ್ಟುಕೊಳ್ಳಬಹುದು. ಇದಕ್ಕೆ ಕೋಟಿ ಅನುದಾನ ಬೇಡ, ಒಂದು ಸಭೆ ಮತ್ತು ಒಂದು ನಕ್ಷೆ ಬೇಕು.

2027ಕ್ಕೆ ನಮ್ಮ ಪಟ್ಟಿ ಈಗಲೇ ಸಿದ್ಧವಾಗಿದೆ. ಮಾರ್ಚ್ 24ಕ್ಕೆ ಹೊರಟು ಏಪ್ರಿಲ್ 6ಕ್ಕೆ ಮುಟ್ಟುವುದು. ಈ ವರ್ಷಕ್ಕಿಂತ ಒಂದು ದಿನ ಹೆಚ್ಚು, ದಿನದ ನಡಿಗೆ ಇಪ್ಪತ್ತೆಂಟಕ್ಕೆ ಸೀಮಿತ. 2024ರಲ್ಲಿ ಬಿದ್ದ ಆ ಹುಡುಗ ಈ ಸಲ ತಾನೂ ಬರುತ್ತೇನೆ ಎಂದಿದ್ದಾನೆ. ಅವನ ತಾಯಿ ನನ್ನನ್ನು ಕರೆದು, 'ಎಷ್ಟು ದಿನಾ ಇಟ್ಟೀರಪ್ಪಾ?' ಎಂದು ಕೇಳಿದರು. 'ಹದಿನಾಲ್ಕು, ಅವ್ವಾ' ಎಂದೆ. ಒಂದು ಕ್ಷಣ ಬೆರಳು ಎಣಿಸಿ, 'ಹಂಗಾರ ಕಳಸ್ತೀನಿ' ಎಂದರು.