ಮನೆಯಲ್ಲಿದ್ದರೆ ಬಿಡುವೇ?

“ಮಗಳು ಬಿ.ಎ. ಮುಗಿಸಿದಾಳೆ. ಎಂ.ಎ.ಗೆ ಹಾಸ್ಟೆಲ್ ಸೇರ್ತೀನಿ ಅಂತಾಳೆ. ಈಗೆಲ್ಲ ಆನ್‌ಲೈನ್ ಇದೆಯಲ್ಲ, ಮನೇಲೇ ಕೂತು ಓದಲಿ ಅಂತಾರೆ ನಮ್ಮ ಯಜಮಾನರು. ನೀವೇನಂತೀರಿ?” ಎಂದು ಸಾಗರದ ಕಡೆಯ ಸೋದರಿಯೊಬ್ಬರು ಕೇಳಿದ್ದಾರೆ.

ಹಾಗೆ ಓದಿದವರನ್ನೇ ಕೇಳೋಣವೆನಿಸಿತು. ಮೊನ್ನೆ ಭಾನುವಾರ ತಂಗಿಯ ಮಗಳು ಇಬ್ಬರು ಗೆಳತಿಯರೊಡನೆ ಬಂದಿದ್ದಳು. 2020ರ ಮಾರ್ಚಿನಲ್ಲಿ ಕೊರೊನಾದಿಂದ ಕಾಲೇಜು ಮುಚ್ಚಿದಾಗ ಮೂವರೂ ಡಿಗ್ರಿಯಲ್ಲಿದ್ದವರು. ಅವಲಕ್ಕಿ ಕೊಟ್ಟು ಮಾತಿಗೆಳೆದೆ.

“ರೆಕಾರ್ಡ್ ಆದ ಪಾಠ ತಿಳೀದಿದ್ರೆ ಮತ್ತೆ ಕೇಳಬಹುದು. ಅದೊಂದು ಬಹಳ ಚೆನ್ನಾಗಿತ್ತು” ಎಂದಳು ಒಬ್ಬಳು. ಆದರೆ ಅವಳ ಹಳ್ಳಿಯಲ್ಲಿ ಸಿಗ್ನಲ್ ಸಿಗುತ್ತಿರಲಿಲ್ಲ. ಮಳೆಯಲ್ಲಿ ಕೊಡೆ ಹಿಡಿದು ಗುಡ್ಡ ಹತ್ತಬೇಕಿತ್ತಂತೆ. ಇನ್ನೊಬ್ಬಳು ಬಿ.ಎಸ್ಸಿ. “ಲ್ಯಾಬ್ ಎಲ್ಲ ವಿಡಿಯೋದಲ್ಲೇ ಆಂಟಿ. ಹೋಳಿಗೆ ಮಾಡೋದು ನೋಡಿದ್ರೆ ಕೈಗೆ ಬಂದ್ಬಿಡತ್ತಾ?” ಎಂದು ನಕ್ಕಳು.

ತಂಗಿಯ ಮಗಳು ಸುಮ್ಮನಿದ್ದಳು. ಕೆದಕಿದ ಮೇಲೆ ಹೇಳಿದಳು: “ನಾನು ಮನೇಲಿದೀನಿ ಅಂದ್ರೆ ಬಿಡುವಾಗಿದೀನಿ ಅಂತ ಎಲ್ಲರ ಲೆಕ್ಕ ದೊಡ್ಡಮ್ಮ. ಪಾಠದ ನಡುವೆ ‘ಹಾಲು ಉಕ್ತು ನೋಡೇ’ ಅಂತ ಅಮ್ಮ ಕೂಗೋರು. ಅಣ್ಣನ ಕ್ಲಾಸಿದ್ದಾಗ ಮಾತ್ರ ರೂಮಿನ ಬಾಗಿಲು ಹಾಕಿ, ಸದ್ದು ಮಾಡಬೇಡಿ ಅನ್ನೋರು.”

ನನಗೆ ಗಂಟಲು ಕಟ್ಟಿತು. ತಂಗಿಯನ್ನು ದೂರಿ ಏನು ಪ್ರಯೋಜನ? ಅವಳ ಜಾಗದಲ್ಲಿ ನಾನಿದ್ದರೂ ಹಾಗೇ ಕೂಗುತ್ತಿದ್ದೆನೇನೋ.

ಆನ್‌ಲೈನ್ ಓದು ಕೆಟ್ಟದ್ದೇನಲ್ಲ, ಸೋದರಿ. 2017ರಲ್ಲಿ ಶುರುವಾದ ಸರ್ಕಾರದ ‘ಸ್ವಯಂ’ನಲ್ಲಿ ಪಾಠ ಕೇಳಲು ದುಡ್ಡು ಕೊಡಬೇಕಿಲ್ಲ, ಸರ್ಟಿಫಿಕೇಟಿನ ಪರೀಕ್ಷೆಗೆ ಮಾತ್ರ ಫೀಸು. ನೀವೂ ಸೇರಬಹುದು! ಪದವಿಗೇ ಸೇರುವುದಾದರೆ ಆ ಕೋರ್ಸಿಗೆ ಯು.ಜಿ.ಸಿ. ಒಪ್ಪಿಗೆ ಇದೆಯೇ ಎಂದು ಮೊದಲು ನೋಡಿ, ಆಮೇಲೆ ಹಣ ಕಟ್ಟಿ. ಮಗಳು ತಾನಾಗಿ ಮನೆಯ ಓದನ್ನೇ ಆರಿಸಿಕೊಂಡರೆ ಅವಳಿಗೊಂದು ಮೂಲೆ, ಅವಳದೇ ಹೊತ್ತು ಬಿಟ್ಟುಕೊಡಿ. ಆ ಹೊತ್ತಿನಲ್ಲಿ ಹಾಲು ಉಕ್ಕಿದರೆ ನಾವೇ ಓಡೋಣ, ಇಲ್ಲವೇ ಯಜಮಾನರು ಏಳಲಿ.

ಆದರೆ ನಿಮ್ಮ ಮಗಳು ಕೇಳಿದ್ದು ಹಾಸ್ಟೆಲ್. ಖರ್ಚಿನ ಚಿಂತೆಯಿದ್ದರೆ ಸರ್ಕಾರಿ ಹಾಸ್ಟೆಲ್, ವಿದ್ಯಾರ್ಥಿವೇತನ ವಿಚಾರಿಸಿ. ಖರ್ಚಲ್ಲ, ಹೆಣ್ಣುಮಗಳು ಹೊರಗೆ ಹೋಗುವುದೇ ಚಿಂತೆ ಎಂದಾದರೆ ಅದಕ್ಕೆ ಆನ್‌ಲೈನಿನ ನೆಪ ಬೇಡ. ಗೆಳತಿಯರು, ಲೈಬ್ರರಿ, ಎದುರು ನಿಂತು ಪ್ರಶ್ನೆ ಕೇಳುವ ಧೈರ್ಯ, ಇವೆಲ್ಲ ಮೊಬೈಲಿನಲ್ಲಿ ಬರುವುದಿಲ್ಲ.

ಯಜಮಾನರ ಹತ್ತಿರ ಇನ್ನೊಮ್ಮೆ ಮಾತಾಡಿ. ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಏನಾಯಿತೆಂದು ನನಗೆ ಬರೆಯುತ್ತೀರಲ್ಲ?