ಪೆನ್ನಿಗೂ ಶ್ರುತಿ ಬೇಕು

"ಇದು ನನ್ನ ಕೈಗೆ ಬರೋದಿಲ್ಲ ಅಂಕಲ್" ಎಂದಳು ಪಕ್ಕದ ಮನೆಯ ಹುಡುಗಿ. ಒಂಬತ್ತನೇ ತರಗತಿ. ಕಾಗದದ ಮೇಲಾದರೆ ಪೆನ್ಸಿಲ್‌ನಲ್ಲಿ ನವಿಲುಗರಿಯ ಎಳೆ ಎಳೆಯನ್ನೂ ಮೂಡಿಸುವವಳು. ಅಪ್ಪ ಆಸೆಪಟ್ಟು ತಂದುಕೊಟ್ಟ ಡ್ರಾಯಿಂಗ್ ಟ್ಯಾಬ್ಲೆಟ್ ಹದಿನೈದೇ ದಿನಕ್ಕೆ ಕಪಾಟು ಸೇರಿತ್ತು. ಮೆಲ್ಲಗೆ ಎಳೆದರೆ ಗೆರೆ ಕಾಣದು. ಒತ್ತಿ ಎಳೆದರೆ ಮಣಿಕಟ್ಟು ನೋವು. "ದುಡ್ಡು ದಂಡ" ಎಂದು ಅಪ್ಪನ ಗೊಣಗಾಟ.

ಕೈಗೂ ಪೆನ್ನಿಗೂ ಶ್ರುತಿ ಕೂಡಿರಲಿಲ್ಲ, ಅಷ್ಟೆ.

ಈ ಪೆನ್ನು ಕೆಲಸ ಮಾಡುವ ಬಗೆ ನೋಡಿ. ತುದಿಯ ಮೇಲೆ ಬೀಳುವ ಒತ್ತಡ ಒಂದು ಸಂಖ್ಯೆಯಾಗಿ ಕಂಪ್ಯೂಟರಿಗೆ ಹೋಗುತ್ತದೆ. ಪೆಟ್ಟಿಗೆಯ ಮೇಲೆ 4096, 8192 ಎಂದು ಅಚ್ಚಾಗಿರುವುದು ಈ ಒತ್ತಡದ ಮೆಟ್ಟಿಲುಗಳ ಲೆಕ್ಕ. ಆದರೆ ಎಷ್ಟು ಒತ್ತಿದರೆ ಗೆರೆ ಎಷ್ಟು ದಪ್ಪವಾಗಬೇಕು ಎಂಬುದನ್ನು ತೀರ್ಮಾನಿಸುವುದು ತಂತ್ರಾಂಶದೊಳಗಿನ ಒಂದು ವಕ್ರರೇಖೆ. ಗಣಿತದ ಗ್ರಾಫ್ ಹಾಳೆಯನ್ನು ನೆನೆಸಿಕೊಳ್ಳಿ. ಅಡ್ಡಕ್ಕೆ ಕೈಯ ಒತ್ತಡ, ಉದ್ದಕ್ಕೆ ಗೆರೆಯ ದಪ್ಪ. ರೇಖೆ ಮೇಲಕ್ಕೆ ಉಬ್ಬಿದ್ದರೆ ಹಗುರವಾಗಿ ಮುಟ್ಟಿದರೂ ದಪ್ಪ ಗೆರೆ, ಇದು 'ಸಾಫ್ಟ್'. ಕೆಳಕ್ಕೆ ಜೋತುಬಿದ್ದಿದ್ದರೆ ಬಲವಾಗಿ ಒತ್ತಬೇಕು, ಇದು 'ಫರ್ಮ್'.

ಈ ರೇಖೆಯನ್ನು ನೀವೇ ಬದಲಿಸಬಹುದು. ವಾಕಾಮ್ ಟ್ಯಾಬ್ಲೆಟ್‌ಗಳ ಡ್ರೈವರ್‌ನಲ್ಲಿ 'ಟಿಪ್ ಫೀಲ್' ಎಂಬ ಜಾರುಗುಂಡಿ ಇದೆ. ಉಚಿತವಾಗಿ ಸಿಗುವ 'ಕ್ರೀಟಾ' ತಂತ್ರಾಂಶದಲ್ಲಿ 'ಸೆಟ್ಟಿಂಗ್ಸ್', 'ಕಾನ್ಫಿಗರ್ ಕ್ರೀಟಾ', 'ಟ್ಯಾಬ್ಲೆಟ್ ಸೆಟ್ಟಿಂಗ್ಸ್' ಎಂದು ಹೋದರೆ ರೇಖೆಯೇ ಕಣ್ಣೆದುರಿಗೆ ಬರುತ್ತದೆ. ಒಂದು ಎಚ್ಚರಿಕೆ: ಡ್ರೈವರ್‌ನಲ್ಲೂ ತಂತ್ರಾಂಶದಲ್ಲೂ ಒಟ್ಟಿಗೆ ಕೈಹಾಕಬೇಡಿ. ಒಂದರ ಮೇಲೊಂದು ಸೇರಿ ಲೆಕ್ಕ ತಪ್ಪುತ್ತದೆ.

ಪರೀಕ್ಷೆ ಸುಲಭ. ನೋಟ್‌ಬುಕ್ಕಿನಲ್ಲಿ ಬರೆಯುವಷ್ಟೇ ಸಲೀಸಾಗಿ, ಹಗುರದಿಂದ ಶುರುಮಾಡಿ ನಿಧಾನವಾಗಿ ಒತ್ತುತ್ತ ಹತ್ತು ಗೆರೆ ಎಳೆಯಿರಿ. ಮುಟ್ಟಿದೊಡನೆ ಸಣ್ಣ ಗೆರೆ ಕಾಣಬೇಕು. ಕೈ ಬಿಗಿಯುವ ಮೊದಲೇ ಅತಿ ದಪ್ಪನೆಯ ಗೆರೆ ಬರಬೇಕು. ಬರದಿದ್ದರೆ ಸಾಫ್ಟ್ ಕಡೆಗೆ ಒಂದೇ ಹೆಜ್ಜೆ ಸರಿಸಿ, ಐದು ನಿಮಿಷ ಚಿತ್ರ ಬರೆದು ನೋಡಿ. ಮುಟ್ಟಿದರೆ ಸಾಕು, ಗೆರೆ ಮಸಿ ಕಕ್ಕುತ್ತದೆ ಎನ್ನುವವರು ಫರ್ಮ್ ಕಡೆಗೆ ಸರಿಸಿ. ಒತ್ತಡದ ಸುಳಿವೇ ಇಲ್ಲದಿದ್ದರೆ ಡ್ರೈವರ್ ಸರಿಯಾಗಿ ಕೂತಿದೆಯೇ, ಆರಿಸಿದ ಕುಂಚಕ್ಕೆ ಒತ್ತಡದ ಗುಣ ಇದೆಯೇ ಎಂದು ಮೊದಲು ನೋಡಿ. ಪೆನ್ನಿನ ನಿಬ್ ಒಂದು ಕಡೆ ಸವೆದಿದ್ದರೆ ಬದಲಿಸಿ. ಒತ್ತಿ ಬರೆಯುವವರ ನಿಬ್ ಬೇಗ ಸವೆಯುತ್ತದೆ.

ಹೆತ್ತವರಿಗೊಂದು ಮಾತು. ಮೆಟ್ಟಿಲುಗಳ ಸಂಖ್ಯೆ ಹೆಚ್ಚಿರುವ ದುಬಾರಿ ಮಾದರಿಗೆ ಓಡುವ ಮುನ್ನ, ಇರುವುದನ್ನೇ ಮಗುವಿನ ಕೈಗೆ ಹೊಂದಿಸಿ. ಅಕ್ಕ-ತಮ್ಮ ಇಬ್ಬರೂ ಬಳಸುವುದಾದರೆ ಇಬ್ಬರಿಗೂ ಬೇರೆ ಬೇರೆ ಹೊಂದಾಣಿಕೆ ಬೇಕಾದೀತು. ಒಬ್ಬರ ಚಪ್ಪಲಿ ಇನ್ನೊಬ್ಬರಿಗೆ ಆಗುತ್ತದೆಯೇ? ಇಷ್ಟಾದರೂ ಕೈನೋವು ಹೋಗದಿದ್ದರೆ ಚಿತ್ರ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ನಮ್ಮ ಹುಡುಗಿಗೆ ಬೇಕಾದದ್ದು ಸಾಫ್ಟ್ ಕಡೆಗೆ ಎರಡೇ ಹೆಜ್ಜೆ. ಮೊನ್ನೆ ನವಿಲುಗರಿಯ ಚಿತ್ರ ತಂದು ತೋರಿಸಿದಳು, ಎಳೆ ಎಳೆಯಾಗಿ. ಹಿಂದೆಯೇ ಬಂದ ಅಪ್ಪ ಈ ಸಲ ಗೊಣಗಲಿಲ್ಲ.