ಓಡುವ ಕಾರಿನಲ್ಲಿ ಸಿನಿಮಾ

ಹೊಸ ಕಾರು ತಂದವರು ಈಗ ಎಲ್ಲಕ್ಕಿಂತ ಮೊದಲು ತೋರಿಸುವುದು ಸ್ಟಿಯರಿಂಗಿನ ಪಕ್ಕದ ಪರದೆಯನ್ನು. ಚಕ್ರದಡಿ ಜಜ್ಜಿದ ನಿಂಬೆಹಣ್ಣಿನ ರಸ ಆರುವ ಮೊದಲೇ "ನೋಡಿ ಟೀಚರ್, ಒಂಬತ್ತು ಇಂಚು! ಸಿನಿಮಾ, ಧಾರಾವಾಹಿ, ಕ್ರಿಕೆಟ್ಟು, ಏನು ಬೇಕಾದರೂ ಬರುತ್ತದೆ" ಎನ್ನುತ್ತಾರೆ. ಯಾರು ನೋಡುವುದಕ್ಕಪ್ಪಾ ಎಂದು ಕೇಳಿದರೆ ಉತ್ತರ ಸಿದ್ಧವಾಗಿಯೇ ಇರುತ್ತದೆ: "ಮಕ್ಕಳಿಗೆ." ಮಕ್ಕಳು ಕೂರುವುದು ಹಿಂದೆ. ಪರದೆ ಇರುವುದು ಮುಂದೆ, ಓಡಿಸುವವನ ಎಡಗೈಗೆ ಎಟುಕುವಲ್ಲಿ. ಹಿಂದೆ ಕೂತ ಮಗುವಿಗೆ ಅದರಲ್ಲಿ ಕಾಣುವುದು ಅರ್ಧ ಚಿತ್ರ, ಇನ್ನರ್ಧ ಅಪ್ಪನ ಭುಜ.

ಈ ಪರದೆ ಮಾಡಿದವರೇನೂ ದಡ್ಡರಲ್ಲ. ಕಾರು ಓಡುವಾಗ ಚಿತ್ರ ಮೂಡಬಾರದೆಂದು ಅವರೇ ಬೀಗ ಹಾಕಿ ಕಳಿಸುತ್ತಾರೆ. ಅಂಗಡಿಯಲ್ಲಿ ಕೊಂಡು ಕೂರಿಸುವ ಸೆಟ್ಟುಗಳಲ್ಲಿ ಸಾಮಾನ್ಯವಾಗಿ ಇದಕ್ಕೆಂದೇ ಒಂದು ತಂತಿ ಇರುತ್ತದೆ. ಅದನ್ನು ಹ್ಯಾಂಡ್‌ಬ್ರೇಕಿಗೆ ಜೋಡಿಸಬೇಕು. ಬ್ರೇಕು ಎಳೆದಿದ್ದರೆ ಚಿತ್ರ ಬರುತ್ತದೆ, ಇಳಿಸಿದರೆ ನಿಲ್ಲುತ್ತದೆ. ಸರಳವಾದ, ಒಳ್ಳೆಯ ಏರ್ಪಾಡು. ನಮ್ಮವರು ಮಾಡುವುದೇನು? ಆ ತಂತಿಯನ್ನು ಒಯ್ದು ಕಾರಿನ ಕಬ್ಬಿಣದ ಮೈಗೆ ಸಿಕ್ಕಿಸಿಬಿಡುತ್ತಾರೆ. ಕಾರು ಗಂಟೆಗೆ 80 ಕಿಲೋಮೀಟರಿನಲ್ಲಿ ಹಾರುತ್ತಿದ್ದರೂ ಪಾಪ, ಆ ಸೆಟ್ಟು ಮಾತ್ರ ತಾನಿನ್ನೂ ಮನೆ ಮುಂದೆಯೇ ನಿಂತಿದ್ದೇನೆಂದು ನಂಬಿಕೊಂಡಿರುತ್ತದೆ! ಕಂಪನಿಯಿಂದಲೇ ಬರುವ ಪರದೆಗಳಿಗೆ ಬೇರೆ ಉಪಾಯವಿದೆ. ಯು.ಎಸ್.ಬಿ. ಕಿಂಡಿಗೆ ಚುಚ್ಚುವ ಒಂದು ಪುಟ್ಟ ಡಬ್ಬಿ. ಆಂಡ್ರಾಯ್ಡ್ ಆಟೊ, ಕಾರ್‌ಪ್ಲೇಗಳು ಓಡುವಾಗ ಬೇಡವೆಂದು ತಡೆದಿದ್ದನ್ನು ಅದು ತೋರಿಸಿಬಿಡುತ್ತದೆ. ಕಳ್ಳನಾದರೂ ಬೇರೆಯವರ ಮನೆಯ ಬೀಗ ಒಡೆಯುತ್ತಾನೆ. ನಾವು ನಮ್ಮ ಬೀಗವನ್ನೇ ದುಡ್ಡು ಕೊಟ್ಟು ಒಡೆಸುತ್ತೇವೆ.

"ನಾನು ನೋಡುವುದಿಲ್ಲ, ಬರೀ ಕೇಳಿಸಿಕೊಳ್ಳುತ್ತೇನೆ" ಎನ್ನುವವರಿದ್ದಾರೆ. ಇಪ್ಪತ್ತೆಂಟು ವರ್ಷ ಮಕ್ಕಳ ಕಣ್ಣುಗಳ ಮುಂದೆ ನಿಂತು ಪಾಠ ಮಾಡಿದವಳು ನಾನು. ಕಿಟಕಿಯ ಸರಳಿನ ಮೇಲೆ ಒಂದು ಅಳಿಲು ಓಡಿದರೆ ನಲವತ್ತು ಜೊತೆ ಕಣ್ಣುಗಳೂ ಅತ್ತ ತಿರುಗುತ್ತವೆ. ಮೊದಲನೆಯ ಬೆಂಚಿನ ಜಾಣ ಹುಡುಗಿಯದೂ ಸೇರಿ. ಅವಳೇನು ಬೇಕೆಂದು ತಿರುಗಿದಳೇ? ಚಲಿಸುವುದು ಕಂಡರೆ ಕಣ್ಣು ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ದೊಡ್ಡವರಾಗಿ, ಲೈಸೆನ್ಸು ತೆಗೆದುಕೊಂಡ ಮಾತ್ರಕ್ಕೆ ಈ ಗುಣ ಹೋಗಿಬಿಡುತ್ತದೆಯೇ? ಪರದೆಯ ಮೇಲೆ ಯಾರೋ ಕಿರುಚಿದರೆ, ಯಾರದೋ ವಿಕೆಟ್ ಬಿದ್ದರೆ, ನೋಡುವುದಿಲ್ಲ ಎಂದವನ ಕಣ್ಣೂ ಅಲ್ಲಿಗೆ ಹೋಗಿ ಬರುತ್ತದೆ. ಎರಡೇ ಸೆಕೆಂಡು. ಏಳನೆಯ ತರಗತಿಯ ಲೆಕ್ಕ ಮಾಡಿ ನೋಡಿ: ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಕಾರು ಎರಡು ಸೆಕೆಂಡಿಗೆ 33 ಮೀಟರ್ ಓಡುತ್ತದೆ. ನಮ್ಮ ಶಾಲೆಯ ಸಾಲಾದ ನಾಲ್ಕು ಕೊಠಡಿಗಳ ಉದ್ದ. ಅಷ್ಟು ದೂರ ಆ ಕಾರಿಗೆ ಕಣ್ಣೇ ಇರಲಿಲ್ಲ.

ಹಾಗಾದರೆ ಪಕ್ಕದಲ್ಲಿ ಕೂತವರು ಮಾತಾಡುವುದೂ ತಪ್ಪೇ ಎಂದು ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬರು ವಾದ ಹೂಡಿದರು. ಪಕ್ಕದಲ್ಲಿ ಕೂತ ಹೆಂಡತಿಯನ್ನು ಗಮನಿಸಿದ್ದೀರಾ? ನಾದಿನಿಯ ಮನೆಯ ಸುದ್ದಿ ಎಷ್ಟೇ ರಸವತ್ತಾಗಿ ಸಾಗಿರಲಿ, ಎದುರಿಗೆ ಲಾರಿ ಬಂತೆಂದರೆ ಮಾತು ಅರ್ಧಕ್ಕೇ ನಿಲ್ಲುತ್ತದೆ. "ರೀ, ನಿಧಾನ" ಎಂದು ಅವಳೂ ಬ್ರೇಕು ತುಳಿದಂತೆ ಕಾಲು ಒತ್ತುತ್ತಾಳೆ. ಸಿನಿಮಾದ ನಾಯಕನಿಗೆ ಲಾರಿ ಕಾಣುವುದಿಲ್ಲ.

ಕಳೆದ ವರ್ಷ ಉಡುಪಿಯಲ್ಲಿ ಮದುವೆ ಮುಗಿಸಿಕೊಂಡು ನಾವು ಐದು ಮಂದಿ ಬಾಡಿಗೆ ಕಾರಿನಲ್ಲಿ ತೀರ್ಥಹಳ್ಳಿಗೆ ಹಿಂದಿರುಗುತ್ತಿದ್ದೆವು. ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತುವಾಗಲೂ ಪರದೆಯ ಮೇಲೆ ಹೊಡೆದಾಟ ನಡೆದೇ ಇತ್ತು. ಹದಿನಾಲ್ಕು ತಿರುವುಗಳ ಘಾಟಿ ಅದು. ಎದುರಿನ ಗಾಡಿ ಮೂತಿ ಚಾಚಿದ ಮೇಲೆಯೇ ಕಾಣುವುದು. ಎರಡನೆಯ ತಿರುವಿನಲ್ಲಿ ನಾನು "ತಮ್ಮಾ, ಅದನ್ನು ಆರಿಸು" ಎಂದೆ. "ನನಗೆ ಅಭ್ಯಾಸ ಇದೆ ಮೇಡಂ" ಎಂದ. "ನನಗೆ ಇಲ್ಲಪ್ಪ" ಎಂದೆ. ಆರಿಸಿದ, ಆದರೆ ಮುಖ ಊದಿಸಿಕೊಂಡ. ನನಗೆ ಬೇಸರ ತಂದದ್ದು ಅವನ ಮುಖವಲ್ಲ, ನಮ್ಮವರ ಮಾತು. "ಇರಲಿ ಬಿಡಬಾರದಾಗಿತ್ತೇ ಅಕ್ಕಾ, ಆ ಹುಡುಗನಿಗೆ ನಿದ್ದೆ ಬರದ ಹಾಗಾದರೂ ಇರುತ್ತಿತ್ತು" ಎಂದರು. ನಿದ್ದೆ ಬರುವವನನ್ನು ಎಬ್ಬಿಸಿಡಲು ಸಿನಿಮಾ ತೋರಿಸಬೇಕೇ? ಗಾಡಿ ನಿಲ್ಲಿಸಿ ಒಂದು ಲೋಟ ಕಾಫಿ ಕುಡಿಸಿ, ಕಾಲು ಗಂಟೆ ಕಣ್ಣು ಮುಚ್ಚಲು ಬಿಡಿ. ಮನೆಗೆ ತಡವಾದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ.

ಯಂತ್ರ ಮುಂದುವರಿದ ಮೇಲೆ ಈ ಚಿಂತೆ ಇರುವುದಿಲ್ಲ ಎನ್ನುವವರು ಅಮೆರಿಕದ ಈ ಸಂಗತಿ ಕೇಳಬೇಕು. 2018ರ ಮಾರ್ಚ್ ತಿಂಗಳಲ್ಲಿ ಅರಿಜೋನಾ ರಾಜ್ಯದ ಟೆಂಪೆ ನಗರದಲ್ಲಿ, ತಾನಾಗಿಯೇ ಓಡುವ ಪ್ರಯೋಗದಲ್ಲಿದ್ದ ಕಾರೊಂದು ರಾತ್ರಿ ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಹೆಂಗಸಿಗೆ ಬಡಿದು ಅವರು ತೀರಿಕೊಂಡರು. ಕಾರಿನಲ್ಲಿ ಉಸ್ತುವಾರಿಗೆಂದು ಒಬ್ಬರು ಕೂತೇ ಇದ್ದರು. ಅವರ ಫೋನಿನಲ್ಲಿ ಆಗ ಹಾಡಿನ ಸ್ಪರ್ಧೆಯ ಟಿ.ವಿ. ಕಾರ್ಯಕ್ರಮ ಬರುತ್ತಿತ್ತು ಎಂದು ಪೊಲೀಸ್ ತನಿಖೆ ಹೇಳಿತು. ಅದೇ ದೇಶದಲ್ಲಿ ಟೆಸ್ಲಾ ಕಾರುಗಳ ಪರದೆಯಲ್ಲಿ ಓಡುವಾಗಲೂ ವಿಡಿಯೊ ಗೇಮ್ ಆಡಬಹುದಿತ್ತು. 2021ರ ಡಿಸೆಂಬರಿನಲ್ಲಿ ಸರ್ಕಾರದ ರಸ್ತೆ ಸುರಕ್ಷತಾ ಸಂಸ್ಥೆ ತನಿಖೆ ಆರಂಭಿಸುತ್ತಲೇ ಕಂಪನಿ ಅದನ್ನು ನಿಲ್ಲಿಸಲು ಒಪ್ಪಿಕೊಂಡಿತು. ಅಲ್ಲಿ ಕಂಪನಿ ಬೀಗ ಹಾಕಿದ್ದನ್ನು ಓದಿ ತಲೆದೂಗುವ ನಾವು ಇಲ್ಲಿ ಬೀಗ ತೆಗೆಸಲು ಅಂಗಡಿ ಹುಡುಕುತ್ತೇವೆ.

ಕಾನೂನಿನ ಮಾತೂ ಇಷ್ಟು ಹೇಳಬೇಕು. 2019ರಲ್ಲಿ ಮೋಟಾರು ವಾಹನ ಕಾಯಿದೆಗೆ ತಿದ್ದುಪಡಿಯಾದಾಗ, ಓಡಿಸುತ್ತಾ ಕೈಯಲ್ಲಿ ಫೋನು ಹಿಡಿಯುವುದನ್ನು 184ನೆಯ ಕಲಮಿನ ಅಪಾಯಕಾರಿ ಚಾಲನೆಗೆ ಸೇರಿಸಿದರು. ಮೊದಲ ಸಲಕ್ಕೇ 5,000 ರೂಪಾಯಿವರೆಗೆ ದಂಡ ಬೀಳಬಹುದು, ಜೈಲೂ ಆಗಬಹುದು. "ಇದು ಕೈಯಲ್ಲಿಲ್ಲವಲ್ಲ, ಕಾರಿನಲ್ಲೇ ಕೂರಿಸಿದ್ದು" ಎಂದು ನಮ್ಮ ಬುದ್ಧಿವಂತರು ನಗುತ್ತಾರೆ. ಆರು ಇಂಚಿನ ಫೋನು ಅಪಾಯವಂತೆ, ಅದಕ್ಕಿಂತ ದೊಡ್ಡ ಪರದೆ ಅಲಂಕಾರವಂತೆ!

ಮುಂದಿನ ಸೀಟುಗಳ ಬೆನ್ನಿಗೆ, ಓಡಿಸುವವನಿಗೆ ಕಾಣದಂತೆ ಕೂರಿಸುವ ಪರದೆಗಳ ಬಗ್ಗೆ ನನಗೆ ಅಷ್ಟು ತಕರಾರಿಲ್ಲ. ಘಾಟಿಯಲ್ಲಿ ಅದನ್ನೇ ದಿಟ್ಟಿಸಿ ಕೂತ ಮಗು ವಾಂತಿ ಮಾಡಿಕೊಂಡರೆ ಒರೆಸುವವರು ನೀವೇ, ಅಷ್ಟೇ. ಹೊರಗೆ ಸೀತಾನದಿ ಹರಿಯುತ್ತಿದ್ದರೂ ತಲೆ ಎತ್ತದ ಮಕ್ಕಳನ್ನು ಕಂಡು ಭೂಗೋಳ ಕಲಿಸುವವಳಾದ ನನಗೆ ಹೊಟ್ಟೆ ಉರಿಯುತ್ತದೆ. ಆದರೆ ಅದು ಬೇರೆ ಜಗಳ, ಇನ್ನೊಂದು ದಿನಕ್ಕಿರಲಿ.

ಹೆಂಗಸರಿಗೇ ಇದನ್ನು ಹೇಳುತ್ತಿರುವುದಕ್ಕೆ ಕಾರಣವಿದೆ. ಕಾರಿನ ಬಣ್ಣ ಯಾವುದಿರಬೇಕು, ಸೀಟಿನ ಕವರು ಹೇಗಿರಬೇಕು ಎಂದು ಗಂಡಸರು ನಮ್ಮನ್ನು ಕೇಳುತ್ತಾರೆ. ತಂತಿ, ಪರದೆ ಎಂದ ಕೂಡಲೇ "ಅದೆಲ್ಲ ನಿನಗೆ ಗೊತ್ತಾಗುವುದಿಲ್ಲ" ಎನ್ನುತ್ತಾರೆ. ಗೊತ್ತಾಗಲು ಅದರಲ್ಲೇನಿದೆ? ಮಿಕ್ಸಿಯ ಜಾರು ಸರಿಯಾಗಿ ಕೂರದಿದ್ದರೆ ಮಿಕ್ಸಿ ತಿರುಗದಂತೆ ಮಾಡಿರುವುದು ಯಾಕೆಂದು ತಿಳಿದ ನಮಗೆ ಇದೂ ತಿಳಿಯುತ್ತದೆ. ಸೆಟ್ಟು ಕೂರಿಸುವ ದಿನ ನೀವೂ ಅಂಗಡಿಗೆ ಹೋಗಿ. ಹ್ಯಾಂಡ್‌ಬ್ರೇಕಿನ ತಂತಿ ಯಾವುದು ತೋರಿಸಪ್ಪಾ, ಅದನ್ನು ಹ್ಯಾಂಡ್‌ಬ್ರೇಕಿಗೇ ಜೋಡಿಸು ಎನ್ನಿ. ಈಗಾಗಲೇ ಮೈಗೆ ಸುತ್ತಿದ್ದರೆ ಬಿಚ್ಚಿಸಿ. ಅಂಗಡಿಯ ಹುಡುಗ ನಿಮ್ಮ ಯಜಮಾನರ ಮುಖ ನೋಡಿ ನಗುತ್ತಾನೆ. ಯಜಮಾನರೂ ನಗಬಹುದು. ಕೆಲಸ ಮುಗಿದ ಮೇಲೆ ಬ್ರೇಕು ಇಳಿಸಿ ಎರಡು ಮಾರು ಮುಂದಕ್ಕೆ ಓಡಿಸಿ ತೋರಿಸುವಂತೆ ಹೇಳಿ. ಚಿತ್ರ ನಿಂತರೆ ಮಾತ್ರ ಹಣ ಕೊಡಿ.